ಸೂಚನಾ ಫಲಕದ ಸ್ಟ್ಯಾಂಡ್ ಮತ್ತು ಅವಧಿ ಮುಗಿದ ಪೇಟೆಂಟ್: ಅಮೆರಿಕದ ಒಂದು ಮೇಲ್ಮನವಿ ಪ್ರಕರಣದ ಪರಿಚಯ

ಪ್ರಸ್ತಾವನೆ

ಹೊಸದೂ ಉಪಯುಕ್ತವೂ ಆದ ಸಾಧನವೊಂದನ್ನು ಕಂಡುಹಿಡಿದವರಿಗೆ ಸರ್ಕಾರವು ನಿಗದಿತ ಅವಧಿಯವರೆಗೆ ಪೇಟೆಂಟ್ ಹಕ್ಕನ್ನು ನೀಡುತ್ತದೆ. ಈ ಅವಧಿಯಲ್ಲಿ ಬೇರೆಯವರು ಆ ಸಾಧನವನ್ನು ಅನುಮತಿಯಿಲ್ಲದೆ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಇದಕ್ಕೆ ಪ್ರತಿಯಾಗಿ ಆವಿಷ್ಕಾರಕನು ತನ್ನ ಸಾಧನವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪೇಟೆಂಟ್ ದಾಖಲೆಯಲ್ಲಿ ಪೂರ್ಣವಾಗಿ ಬಹಿರಂಗಪಡಿಸಬೇಕು. ಅವಧಿ ಮುಗಿದ ನಂತರ ಆ ಜ್ಞಾನವು ಸಾರ್ವಜನಿಕರ ಸ್ವತ್ತಾಗುತ್ತದೆ. ಪೇಟೆಂಟ್ ಎಂಬುದು ಆವಿಷ್ಕಾರಕ ಮತ್ತು ಸಮಾಜದ ನಡುವಣ ಒಂದು ಒಪ್ಪಂದ ಎಂದು ಹೇಳುವುದು ಈ ಅರ್ಥದಲ್ಲಿಯೇ.

ಆದರೆ ಅವಧಿ ಮುಗಿದ ಮೇಲೆ ಮೂಲ ತಯಾರಕರು ಬೇರೊಂದು ವಾದವನ್ನು ಮುಂದಿಡಬಹುದು. "ಪೇಟೆಂಟ್ ಮುಗಿದಿರಬಹುದು. ಆದರೆ ಇಷ್ಟು ವರ್ಷ ಈ ಆಕಾರದ ವಸ್ತುವನ್ನು ನಾವು ಮಾತ್ರ ಮಾರಿದ್ದೇವೆ. ಈ ಆಕಾರವನ್ನು ಕಂಡೊಡನೆ ಗ್ರಾಹಕರು ನಮ್ಮ ಸಂಸ್ಥೆಯನ್ನೇ ನೆನೆಯುತ್ತಾರೆ. ಆದ್ದರಿಂದ ಈ ಆಕಾರವೇ ನಮ್ಮ ವ್ಯಾಪಾರ ಚಿಹ್ನೆ" ಎಂಬುದು ಆ ವಾದ. ವ್ಯಾಪಾರ ಚಿಹ್ನೆಯ ಹಕ್ಕಿಗೆ ಕೊನೆಯ ದಿನಾಂಕವಿಲ್ಲ. ಅದನ್ನು ಮತ್ತೆ ಮತ್ತೆ ನವೀಕರಿಸಿಕೊಂಡು ಹೋಗಬಹುದು. ಈ ವಾದವನ್ನು ಒಪ್ಪಿದಲ್ಲಿ ಪೇಟೆಂಟ್ ಹಕ್ಕು ಹಿಂಬಾಗಿಲಿನಿಂದ ಶಾಶ್ವತವಾಗಿಬಿಡುತ್ತದೆ.

ಈ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಟ್ರಾಫಿಕ್ಸ್ ಡಿವೈಸಸ್ ಮತ್ತು ಮಾರ್ಕೆಟಿಂಗ್ ಡಿಸ್‌ಪ್ಲೇಸ್ ಸಂಸ್ಥೆಗಳ ನಡುವಣ ಪ್ರಕರಣದಲ್ಲಿ ಇತ್ಯರ್ಥಪಡಿಸಿತು. ವಿವಾದಕ್ಕೆ ಕಾರಣವಾದ ವಸ್ತು ಬಹಳ ಸಾಮಾನ್ಯವಾದದ್ದು: ರಸ್ತೆ ಬದಿಯಲ್ಲಿ ಎಚ್ಚರಿಕೆಯ ಫಲಕವನ್ನು ನಿಲ್ಲಿಸುವ ಲೋಹದ ಸ್ಟ್ಯಾಂಡ್. ಆವಿಷ್ಕಾರಕರು, ಸಣ್ಣ ಕೈಗಾರಿಕೋದ್ಯಮಿಗಳು, ವಿದ್ಯಾರ್ಥಿಗಳು ಹಾಗೂ ಆಸಕ್ತ ಸಾರ್ವಜನಿಕರ ತಿಳುವಳಿಕೆಗಾಗಿ ಈ ಪ್ರಕರಣದ ವಿವರಗಳನ್ನೂ ಅದಕ್ಕೆ ಹೊಂದುವ ಭಾರತೀಯ ಕಾನೂನಿನ ಉಪಬಂಧಗಳನ್ನೂ ಇಲ್ಲಿ ನೀಡಲಾಗಿದೆ.

ಎರಡು ಸ್ಪ್ರಿಂಗ್‌ಗಳ ಸ್ಟ್ಯಾಂಡ್

ರಸ್ತೆ ಕಾಮಗಾರಿ ನಡೆಯುವ ಸ್ಥಳಗಳಲ್ಲಿ ವಾಹನ ಚಾಲಕರನ್ನು ಎಚ್ಚರಿಸಲು ತಾತ್ಕಾಲಿಕ ಫಲಕಗಳನ್ನು ನಿಲ್ಲಿಸುವುದುಂಟು. ಇಂತಹ ಫಲಕಗಳಿಗೆ ಗಾಳಿಯೇ ದೊಡ್ಡ ಶತ್ರು. ಅಗಲವಾದ ಫಲಕವು ಗಾಳಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. ಅದನ್ನು ಹೊತ್ತ ಕಂಬವು ಬಾಗದೆ ಸೆಟೆದು ನಿಂತರೆ ಸ್ಟ್ಯಾಂಡ್ ಸಮೇತ ಉರುಳುತ್ತದೆ. ಉರುಳಿದ ಫಲಕವು ಯಾರನ್ನೂ ಎಚ್ಚರಿಸಲಾರದು.

ರಾಬರ್ಟ್ ಸರ್ಕಿಸಿಯನ್ ಎಂಬ ಆವಿಷ್ಕಾರಕರು ಇದಕ್ಕೊಂದು ಪರಿಹಾರವನ್ನು ರೂಪಿಸಿದರು. ಸ್ಟ್ಯಾಂಡಿನ ಕಾಲುಗಳಿಗೂ ಫಲಕವನ್ನು ಹೊತ್ತ ಮೇಲಿನ ಚೌಕಟ್ಟಿಗೂ ನಡುವೆ ಎರಡು ಸ್ಪ್ರಿಂಗ್‌ಗಳನ್ನು ಅಕ್ಕಪಕ್ಕದಲ್ಲಿ ಅಳವಡಿಸಿದರು. ಗಾಳಿ ಬೀಸಿದಾಗ ಸ್ಪ್ರಿಂಗ್‌ಗಳು ಬಾಗಿ ಫಲಕವು ಹಿಂದಕ್ಕೆ ವಾಲುತ್ತದೆ, ಗಾಳಿ ನಿಂತಾಗ ಮತ್ತೆ ನೆಟ್ಟಗಾಗುತ್ತದೆ. ಸ್ಪ್ರಿಂಗ್ ಒಂದೇ ಇದ್ದಲ್ಲಿ ಫಲಕವು ಬಾಗುವುದರ ಜೊತೆಗೆ ತಿರುಚಿಕೊಳ್ಳಲೂ ಆಸ್ಪದವಿರುತ್ತದೆ. ಹಾಗೆ ತಿರುಚಿಕೊಂಡರೆ ಸ್ಪ್ರಿಂಗ್ ಹಾಳಾಗಬಹುದು, ಸ್ಟ್ಯಾಂಡ್ ಉರುಳಬಹುದು. ಎರಡು ಸ್ಪ್ರಿಂಗ್‌ಗಳು ಈ ತಿರುಚುವಿಕೆಯನ್ನು ತಡೆಯುತ್ತವೆ. ಮೂರು ಸ್ಪ್ರಿಂಗ್‌ಗಳನ್ನು ಹಾಕಿದರೆ ವೆಚ್ಚವು ಅನಾವಶ್ಯಕವಾಗಿ ಹೆಚ್ಚುತ್ತದೆ. ಪೇಟೆಂಟ್ ಪಡೆಯುವ ಸಂದರ್ಭದಲ್ಲಿ ಸಲ್ಲಿಸಿದ ದಾಖಲೆಗಳಲ್ಲಿ ಈ ಅಂಶಗಳನ್ನೆಲ್ಲ ವಿವರಿಸಲಾಗಿತ್ತು. ಮುಂದೆ ಇದೇ ವಿವರಣೆಗಳು ಮೊಕದ್ದಮೆಯಲ್ಲಿ ನಿರ್ಣಾಯಕವಾದವು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಸರ್ಕಿಸಿಯನ್ ಅವರಿಗೆ 1970ರ ದಶಕದಲ್ಲಿ ಈ ರಚನೆಗಾಗಿ ಎರಡು ಪೇಟೆಂಟ್‌ಗಳು ದೊರೆತವು. ಇವು ಸಾಧನದ ಉಪಯುಕ್ತತೆಗೆ ನೀಡಿದ ಪೇಟೆಂಟ್‌ಗಳೇ ಹೊರತು ಅಲಂಕಾರಕ್ಕೆ ನೀಡಿದವುಗಳಲ್ಲ. ಮಾರ್ಕೆಟಿಂಗ್ ಡಿಸ್‌ಪ್ಲೇಸ್ ಸಂಸ್ಥೆಯು ಈ ಪೇಟೆಂಟ್‌ಗಳ ಹಕ್ಕನ್ನು ಹೊಂದಿ, 'ವಿಂಡ್‌ಮಾಸ್ಟರ್' ಎಂಬ ಹೆಸರಿನಲ್ಲಿ ಸ್ಟ್ಯಾಂಡ್‌ಗಳನ್ನು ತಯಾರಿಸಿ ಮಾರಾಟ ಮಾಡಿತು.

ಪೇಟೆಂಟ್ ಜಾರಿಯಲ್ಲಿದ್ದಾಗ ನಡೆದ ಮೊದಲ ವಿವಾದ

1970ರ ದಶಕದ ಕೊನೆಯಲ್ಲಿ ವಿನ್-ಪ್ರೂಫ್ ಎಂಬ ಸಂಸ್ಥೆಯು ಇದೇ ಬಗೆಯ ಎರಡು ಸ್ಪ್ರಿಂಗ್‌ಗಳ ಸ್ಟ್ಯಾಂಡನ್ನು ಮಾರತೊಡಗಿತು. ಪೇಟೆಂಟ್ ದಾಖಲೆಯಲ್ಲಿ ಸ್ಪ್ರಿಂಗ್‌ಗಳು ಪರಸ್ಪರ ಅಂತರದಲ್ಲಿರುತ್ತವೆ ಎಂದು ಹೇಳಲಾಗಿತ್ತು. ವಿನ್-ಪ್ರೂಫ್ ಸ್ಟ್ಯಾಂಡಿನಲ್ಲಿ ಅವು ಒಂದಕ್ಕೊಂದು ಹತ್ತಿರದಲ್ಲಿದ್ದವು. ದಾಖಲೆಯ ಪದಗಳನ್ನು ಅಕ್ಷರಶಃ ಓದಿದರೆ ಉಲ್ಲಂಘನೆ ಆಗಿರಲಿಲ್ಲ. ಆದರೂ ಆರೆಗಾನ್ ರಾಜ್ಯದ ಫೆಡರಲ್ ಜಿಲ್ಲಾ ನ್ಯಾಯಾಲಯವು ಉಲ್ಲಂಘನೆಯಾಗಿದೆ ಎಂದು ತೀರ್ಮಾನಿಸಿತು. ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು 1983ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು.

ಇದಕ್ಕೆ ಆಧಾರವಾದದ್ದು ಸಮಾನತೆಯ ತತ್ವ. ಪದಗಳಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಸಾಧನವು ಸಾರತಃ ಅದೇ ಕೆಲಸವನ್ನು ಅದೇ ರೀತಿಯಲ್ಲಿ ಮಾಡಿ ಅದೇ ಫಲವನ್ನು ನೀಡಿದರೆ ಅದನ್ನು ಪೇಟೆಂಟಿನ ವ್ಯಾಪ್ತಿಯೊಳಗೆ ಬರುವ ಸಾಧನವೆಂದೇ ಪರಿಗಣಿಸಬೇಕು ಎಂಬುದು ಈ ತತ್ವದ ತಿರುಳು. ಅಂದರೆ ಸ್ಪ್ರಿಂಗ್‌ಗಳು ದೂರವಿರಲಿ, ಹತ್ತಿರವಿರಲಿ, ಎರಡು ಸ್ಪ್ರಿಂಗ್‌ಗಳ ಉಪಾಯವು ತನ್ನದೇ ಎಂಬುದು ಪೇಟೆಂಟ್ ಪಕ್ಷದ ನಿಲುವಾಗಿತ್ತು. ಆ ನಿಲುವಿಗೆ ಜಯವೂ ದೊರೆಯಿತು.

ಅವಧಿ ಮುಗಿದ ನಂತರ

ಆ ಕಾಲದಲ್ಲಿ ಅಮೆರಿಕದಲ್ಲಿ ಪೇಟೆಂಟಿನ ಅವಧಿಯು ಮಂಜೂರಾದ ದಿನದಿಂದ 17 ವರ್ಷಗಳಾಗಿತ್ತು. ಸರ್ಕಿಸಿಯನ್ ಪೇಟೆಂಟ್‌ಗಳ ಅವಧಿ ಮುಗಿದ ಬಳಿಕ ಟ್ರಾಫಿಕ್ಸ್ ಡಿವೈಸಸ್ ಸಂಸ್ಥೆಯು ಅದೇ ಬಗೆಯ ಸ್ಟ್ಯಾಂಡ್‌ಗಳನ್ನು ಮಾರುಕಟ್ಟೆಗೆ ತಂದಿತು. ಮಾರ್ಕೆಟಿಂಗ್ ಡಿಸ್‌ಪ್ಲೇಸ್ ತಯಾರಿಸಿದ ಒಂದು ಸ್ಟ್ಯಾಂಡನ್ನು ಹೊರದೇಶಕ್ಕೆ ಕಳುಹಿಸಿ, ಅದನ್ನು ನೋಡಿ ಅದರಂತೆಯೇ ತಯಾರಿಸುವ ವ್ಯವಸ್ಥೆಯನ್ನು ಅದು ಮಾಡಿಕೊಂಡಿತ್ತು. ತನ್ನ ಸ್ಟ್ಯಾಂಡಿಗೆ ಅದು ಇಟ್ಟ ಹೆಸರು 'ವಿಂಡ್‌ಬಸ್ಟರ್'.

ಮಾರ್ಕೆಟಿಂಗ್ ಡಿಸ್‌ಪ್ಲೇಸ್ ಸಂಸ್ಥೆಯು 1946ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಾದ ಲ್ಯಾನ್‌ಹ್ಯಾಮ್ ಕಾಯ್ದೆಯಡಿ ಮೊಕದ್ದಮೆ ಹೂಡಿತು. ಅದರ ಮುಖ್ಯ ದೂರುಗಳು ಎರಡು. ಮೊದಲನೆಯದು, ಪ್ರತಿವಾದಿಯ ಹೆಸರು ತನ್ನ ಹೆಸರನ್ನು ಹೋಲುವುದರಿಂದ ಗ್ರಾಹಕರು ಗೊಂದಲಕ್ಕೀಡಾಗುತ್ತಾರೆ ಎಂಬುದು. ಎರಡನೆಯದು, ಪ್ರತಿವಾದಿಯು ತನ್ನ ಸ್ಟ್ಯಾಂಡಿನ ಹೊರರೂಪವನ್ನೇ ನಕಲು ಮಾಡಿದೆ ಎಂಬುದು. ವಸ್ತುವಿನ ಮೂಲವನ್ನು ಸೂಚಿಸುವ ಇಂತಹ ಹೊರರೂಪವನ್ನು ಅಲ್ಲಿನ ಕಾನೂನಿನಲ್ಲಿ ಟ್ರೇಡ್ ಡ್ರೆಸ್ ಎನ್ನುತ್ತಾರೆ. ಸ್ಟ್ಯಾಂಡಿನ ಬುಡದಲ್ಲಿ ಎದ್ದು ಕಾಣುವ ಎರಡು ಸ್ಪ್ರಿಂಗ್‌ಗಳೇ ತನ್ನ ಗುರುತು ಎಂದು ವಾದಿಯು ಹೇಳಿಕೊಂಡಿತು.

ಕೆಳ ನ್ಯಾಯಾಲಯಗಳ ತೀರ್ಪುಗಳು

ಮಿಷಿಗನ್ ರಾಜ್ಯದ ಪೂರ್ವ ವಿಭಾಗದ ಫೆಡರಲ್ ಜಿಲ್ಲಾ ನ್ಯಾಯಾಲಯವು 1997ರಲ್ಲಿ ಹೊರರೂಪದ ಬಗೆಗಿನ ದೂರನ್ನು ತಿರಸ್ಕರಿಸಿತು. ಗ್ರಾಹಕರು ಈ ರೂಪವನ್ನು ಒಂದು ನಿರ್ದಿಷ್ಟ ಸಂಸ್ಥೆಯೊಂದಿಗೆ ಜೋಡಿಸಿ ನೋಡುತ್ತಾರೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂಬುದು ಒಂದು ಕಾರಣ. ಎರಡು ಸ್ಪ್ರಿಂಗ್‌ಗಳು ಸ್ಟ್ಯಾಂಡಿನ ಕಾರ್ಯಕ್ಕೆ ಬೇಕಾದ ಅಂಗಗಳು, ಅವು ಗುರುತಿನ ಚಿಹ್ನೆಯಾಗಲಾರವು ಎಂಬುದು ಇನ್ನೊಂದು ಕಾರಣ. ಆದರೆ ಹೆಸರಿನ ವಿಷಯದಲ್ಲಿ ನ್ಯಾಯಾಲಯವು ವಾದಿಯ ಪರವಾಗಿ ತೀರ್ಪು ನೀಡಿತು.

ಮೇಲ್ಮನವಿಯಲ್ಲಿ ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯವು 1999ರಲ್ಲಿ ಹೊರರೂಪದ ತೀರ್ಪನ್ನು ರದ್ದುಪಡಿಸಿತು. ಪ್ರತಿಸ್ಪರ್ಧಿಗಳಿಗೆ ಬೇರೆ ದಾರಿಗಳಿವೆ; ಅವರು ಸ್ಪ್ರಿಂಗ್‌ಗಳನ್ನು ಮರೆಮಾಡಬಹುದು, ಅಥವಾ ಮೂರು ನಾಲ್ಕು ಸ್ಪ್ರಿಂಗ್‌ಗಳನ್ನು ಬಳಸಬಹುದು; ಎರಡು ಸ್ಪ್ರಿಂಗ್‌ಗಳು ಕಾಣುವ ಈ ರೂಪವೊಂದನ್ನು ವಾದಿಗೆ ಬಿಟ್ಟುಕೊಟ್ಟರೆ ಅವರಿಗೆ ಗಣನೀಯ ಹಾನಿಯಾಗುವುದಿಲ್ಲ ಎಂಬುದು ಅದರ ತರ್ಕವಾಗಿತ್ತು.

ಆ ವೇಳೆಗೆ ಅಮೆರಿಕದ ಮೇಲ್ಮನವಿ ನ್ಯಾಯಾಲಯಗಳಲ್ಲಿಯೇ ಈ ವಿಷಯದ ಬಗ್ಗೆ ಒಮ್ಮತವಿರಲಿಲ್ಲ. ಹತ್ತನೆಯ ವಲಯದ ನ್ಯಾಯಾಲಯವು 1995ರಲ್ಲಿ ಫ್ಯಾನಿನ ಸುರುಳಿಯಾಕಾರದ ಜಾಲರಿಯೊಂದರ ಪ್ರಕರಣದಲ್ಲಿ, ಪೇಟೆಂಟ್ ಪಡೆದ ಆವಿಷ್ಕಾರದ ಮಹತ್ವದ ಅಂಗವಾಗಿದ್ದ ರೂಪಕ್ಕೆ ಟ್ರೇಡ್ ಡ್ರೆಸ್ ರಕ್ಷಣೆ ಸಲ್ಲದು ಎಂದಿತ್ತು. ಐದನೆಯ ಮತ್ತು ಏಳನೆಯ ವಲಯದ ನ್ಯಾಯಾಲಯಗಳು ಅಷ್ಟು ಕಟ್ಟುನಿಟ್ಟಿನ ನಿಯಮವನ್ನು ಒಪ್ಪಿರಲಿಲ್ಲ. ಈ ಭಿನ್ನಾಭಿಪ್ರಾಯವನ್ನು ಪರಿಹರಿಸುವ ಸಲುವಾಗಿ ಸರ್ವೋಚ್ಚ ನ್ಯಾಯಾಲಯವು ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಂಡಿತು.

ಸರ್ವೋಚ್ಚ ನ್ಯಾಯಾಲಯದ ನಿರ್ಣಯ

2000ದ ನವೆಂಬರ್ 29ರಂದು ವಾದಗಳನ್ನು ಆಲಿಸಿದ ನ್ಯಾಯಾಲಯವು 2001ರ ಮಾರ್ಚ್ 20ರಂದು ಸರ್ವಾನುಮತದ ತೀರ್ಪನ್ನು ಪ್ರಕಟಿಸಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆಂಥೊನಿ ಕೆನಡಿ. ಮೇಲ್ಮನವಿ ನ್ಯಾಯಾಲಯದ ತೀರ್ಪನ್ನು ರದ್ದುಪಡಿಸಿ, ಪ್ರಕರಣವನ್ನು ಮುಂದಿನ ಕ್ರಮಕ್ಕಾಗಿ ಹಿಂದಿರುಗಿಸಲಾಯಿತು. ತೀರ್ಪಿನ ಮುಖ್ಯ ಅಂಶಗಳು ಈ ಕೆಳಕಂಡಂತಿವೆ.

1. ಅವಧಿ ಮುಗಿದ ಪೇಟೆಂಟ್ ಪ್ರಬಲ ಸಾಕ್ಷ್ಯ: ಯಾವುದೇ ಅಂಗವು ಪೇಟೆಂಟಿನಲ್ಲಿ ಆವಿಷ್ಕಾರದ ಭಾಗವಾಗಿ ವರ್ಣಿತವಾಗಿದ್ದರೆ, ಅದು ವಸ್ತುವಿನ ಕಾರ್ಯಕ್ಕೆ ಸಂಬಂಧಿಸಿದ್ದು ಎಂಬುದಕ್ಕೆ ಅದೇ ಬಲವಾದ ಸಾಕ್ಷ್ಯ. ಅದು ಕೇವಲ ಅಲಂಕಾರ ಅಥವಾ ಗುರುತು ಎಂದು ಸಾಧಿಸುವ ಭಾರವಾದ ಹೊಣೆಯು ಹಾಗೆ ಹೇಳಿಕೊಳ್ಳುವವರದ್ದೇ. ನೋಂದಣಿಯಾಗದ ಹೊರರೂಪದ ವಿಷಯದಲ್ಲಿ ಈ ಹೊಣೆಯನ್ನು ಹಕ್ಕು ಕೇಳುವವರ ಮೇಲೆ ಹೊರಿಸಿ 1999ರಲ್ಲಿ ಕಾಯ್ದೆಗೆ ತಿದ್ದುಪಡಿಯನ್ನೂ ಮಾಡಲಾಗಿತ್ತು.

2. ಹಿಂದಿನ ಗೆಲುವು ಇಂದಿನ ಬಂಧನ: ಪೇಟೆಂಟಿನ ಚಿತ್ರಗಳಲ್ಲಿ ಸ್ಪ್ರಿಂಗ್‌ಗಳು ದೂರ ದೂರ ಇವೆ, ಮಾರಾಟವಾಗುತ್ತಿದ್ದ ಸ್ಟ್ಯಾಂಡಿನಲ್ಲಿ ಹತ್ತಿರವಿವೆ, ನೋಟಕ್ಕೆ ಎರಡೂ ಬೇರೆಯೇ. ಆದರೆ ಸ್ಪ್ರಿಂಗ್‌ಗಳು ಹತ್ತಿರವಿದ್ದ ವಿನ್-ಪ್ರೂಫ್ ಸ್ಟ್ಯಾಂಡ್ ಪೇಟೆಂಟಿನ ವ್ಯಾಪ್ತಿಗೆ ಸೇರುತ್ತದೆ ಎಂದು ಹಿಂದೆ ವಾದಿಸಿ ಗೆದ್ದಾಗಿತ್ತು. ಪೇಟೆಂಟ್ ಜೀವಂತವಿದ್ದಾಗ ಅದರೊಳಗಿದ್ದ ರಚನೆಯು ಪೇಟೆಂಟ್ ಮುಗಿದ ಮೇಲೆ ಹೊರಗುಳಿಯಲಾರದು ಎಂಬುದು ಇದರ ಅರ್ಥ.

3. ಕಾರ್ಯಾತ್ಮಕತೆಯ ಪರೀಕ್ಷೆ: ಒಂದು ಅಂಗವು ವಸ್ತುವಿನ ಉಪಯೋಗಕ್ಕೆ ಅಥವಾ ಉದ್ದೇಶಕ್ಕೆ ಅತ್ಯಗತ್ಯವಾಗಿದ್ದರೆ, ಅಥವಾ ವಸ್ತುವಿನ ವೆಚ್ಚ ಇಲ್ಲವೇ ಗುಣಮಟ್ಟದ ಮೇಲೆ ಪರಿಣಾಮ ಬೀರುವಂತಿದ್ದರೆ, ಅದು ಕಾರ್ಯಾತ್ಮಕ ಅಂಗ. ಎರಡು ಸ್ಪ್ರಿಂಗ್‌ಗಳು ಈ ಎರಡೂ ಬಗೆಯಲ್ಲಿ ಕಾರ್ಯಾತ್ಮಕವೆಂದು ಪೇಟೆಂಟ್ ದಾಖಲೆಗಳೇ ಹೇಳುತ್ತಿದ್ದವು. ಸ್ಟ್ಯಾಂಡ್ ಕೆಲಸ ಮಾಡುವುದೇ ಆ ಸ್ಪ್ರಿಂಗ್‌ಗಳಿಂದ.

4. ಬದಲಿ ದಾರಿಗಳ ಚರ್ಚೆ ಅನಗತ್ಯ: ಅಂಗವು ಕಾರ್ಯಾತ್ಮಕವೆಂದು ಸಿದ್ಧವಾದ ಮೇಲೆ, ಪ್ರತಿಸ್ಪರ್ಧಿಗಳು ಮೂರು ಅಥವಾ ನಾಲ್ಕು ಸ್ಪ್ರಿಂಗ್‌ಗಳನ್ನು ಬಳಸಬಹುದಿತ್ತೇ ಎಂದು ಊಹಿಸುತ್ತಾ ಹೋಗಬೇಕಾಗಿಲ್ಲ. ಸ್ಪ್ರಿಂಗ್‌ಗಳನ್ನು ಮರೆಮಾಡಬೇಕೆಂದು ಅವರನ್ನು ಒತ್ತಾಯಿಸಬೇಕಾಗಿಯೂ ಇಲ್ಲ. ಸ್ಪ್ರಿಂಗ್‌ಗಳನ್ನು ಕಂಡ ಗ್ರಾಹಕನಿಗೆ ಈ ಸ್ಟ್ಯಾಂಡ್ ಗಾಳಿಯನ್ನು ತಡೆದುಕೊಳ್ಳುತ್ತದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಆ ತಿಳಿವನ್ನು ಕಸಿದುಕೊಳ್ಳಲು ಕಾರಣವಿಲ್ಲ.

5. ಕಾನೂನುಗಳ ಉದ್ದೇಶ ಬೇರೆ ಬೇರೆ: ಹೊಸತನ್ನು ಕಂಡುಹಿಡಿದವರನ್ನು ಪುರಸ್ಕರಿಸುವುದು ಪೇಟೆಂಟ್ ಕಾನೂನಿನ ಕೆಲಸ. ಆ ಪುರಸ್ಕಾರಕ್ಕೆ ಕಾಲಮಿತಿಯುಂಟು. ಗ್ರಾಹಕರು ಮೋಸಹೋಗದಂತೆ ಕಾಯುವುದು ವ್ಯಾಪಾರ ಚಿಹ್ನೆ ಕಾನೂನಿನ ಕೆಲಸ. ಮೊದಲನೆಯದರ ಪುರಸ್ಕಾರವನ್ನು ಎರಡನೆಯದರ ಮೂಲಕ ಮುಂದುವರಿಸುವಂತಿಲ್ಲ. ಪೇಟೆಂಟಿನಂತಹ ಹಕ್ಕು ಜಾರಿಯಲ್ಲಿಲ್ಲದ ವಸ್ತುವನ್ನು ನಕಲು ಮಾಡುವುದು ಸಾಮಾನ್ಯವಾಗಿ ತಪ್ಪಲ್ಲ. ಎಷ್ಟೋ ವೇಳೆ ಅದು ಸ್ಪರ್ಧೆಗೂ ಸುಧಾರಣೆಗೂ ನೆರವಾಗುತ್ತದೆ.

ಅದೇ ವೇಳೆ ನ್ಯಾಯಾಲಯವು ಒಂದು ಬಾಗಿಲನ್ನು ತೆರೆದಿಟ್ಟಿತು. ಸ್ಟ್ಯಾಂಡಿನ ಕಾಲುಗಳಿಗೆ ಕಾರ್ಯಕ್ಕೆ ಸಂಬಂಧವಿಲ್ಲದ ವಿಶಿಷ್ಟ ಬಾಗುವಿಕೆಯನ್ನು ನೀಡಿದ್ದರೆ, ಅಥವಾ ಸ್ಪ್ರಿಂಗ್‌ಗಳ ಮೇಲೆ ಅಲಂಕಾರದ ಚಿತ್ತಾರವನ್ನು ಬಿಡಿಸಿದ್ದರೆ, ಅಂತಹ ಅಂಶಗಳಿಗೆ ರಕ್ಷಣೆ ಕೇಳುವ ಪ್ರಕರಣದಲ್ಲಿ ಫಲಿತಾಂಶ ಬೇರೆಯಾಗಬಹುದು ಎಂದು ಅದು ಸೂಚಿಸಿತು. ಪೇಟೆಂಟ್ ಪಡೆದಿದ್ದ ವಸ್ತುವಿನ ರೂಪಕ್ಕೆ ಟ್ರೇಡ್ ಡ್ರೆಸ್ ರಕ್ಷಣೆ ನೀಡುವುದನ್ನು ಅಮೆರಿಕದ ಸಂವಿಧಾನವೇ ನಿಷೇಧಿಸುತ್ತದೆಯೇ ಎಂಬ ಪ್ರಶ್ನೆಯನ್ನು ಅದು ತೀರ್ಮಾನಿಸಲಿಲ್ಲ.

ಹೆಸರಿನ ವಿಷಯದಲ್ಲಿ ವಾದಿಯ ಪರವಾಗಿ ಬಂದಿದ್ದ ತೀರ್ಪನ್ನು ಮೇಲ್ಮನವಿ ನ್ಯಾಯಾಲಯವು ಎತ್ತಿಹಿಡಿದಿತ್ತು. ಆ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಇರಲಿಲ್ಲ. ಹೀಗಾಗಿ ಈ ವಿವಾದದ ಒಟ್ಟು ಫಲಿತಾಂಶವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಸ್ಪ್ರಿಂಗ್‌ಗಳು ಎಲ್ಲರಿಗೂ ಸೇರಿದವು, ಹೆಸರು ಅದರ ಒಡೆಯನಿಗೇ ಸೇರಿದ್ದು.

ಭಾರತದ ಕಾನೂನಿನಲ್ಲಿ ಇದೇ ತತ್ವ

ಅಮೆರಿಕದ ತೀರ್ಪು ಭಾರತದ ನ್ಯಾಯಾಲಯಗಳನ್ನು ಬಂಧಿಸುವುದಿಲ್ಲ. ಆದರೆ ಅಲ್ಲಿ ತೀರ್ಪಿನ ಮೂಲಕ ಸ್ಥಾಪಿತವಾದ ತತ್ವವು ಇಲ್ಲಿ ಶಾಸನದ ಮಾತಿನಲ್ಲಿಯೇ ಇದೆ.

1970ರ ಪೇಟೆಂಟ್ ಕಾಯ್ದೆಯ 53ನೆಯ ಕಲಮಿನಂತೆ ಪೇಟೆಂಟಿನ ಅವಧಿಯು ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷಗಳು. 2005ರ ತಿದ್ದುಪಡಿಯ ಮೂಲಕ ಈ ಕಲಮಿಗೆ (4)ನೆಯ ಉಪಕಲಂ ಸೇರಿತು. ಅವಧಿ ಮುಗಿದ ಕಾರಣದಿಂದಾಗಲಿ, ನವೀಕರಣ ಶುಲ್ಕ ಪಾವತಿಸದ ಕಾರಣದಿಂದಾಗಲಿ ಪೇಟೆಂಟ್ ಕೊನೆಗೊಂಡರೆ, ಬೇರಾವುದೇ ಕಾನೂನಿನಲ್ಲಿ ಏನೇ ಹೇಳಿದ್ದರೂ, ಆ ಪೇಟೆಂಟಿಗೆ ಒಳಪಟ್ಟಿದ್ದ ವಿಷಯಕ್ಕೆ ಯಾವ ರಕ್ಷಣೆಯೂ ದೊರೆಯುವುದಿಲ್ಲ ಎಂದು ಅದು ವಿಧಿಸುತ್ತದೆ.

1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯು ಸರಕಿನ ಆಕಾರವೂ ಚಿಹ್ನೆಯಾಗಬಹುದೆಂದು ಒಪ್ಪುತ್ತದೆ. ಆದರೆ 9ನೆಯ ಕಲಮಿನ (3)ನೆಯ ಉಪಕಲಮಿನಂತೆ, ಸರಕಿನ ಸ್ವಭಾವದಿಂದಲೇ ಬರುವ ಆಕಾರ, ತಾಂತ್ರಿಕ ಫಲವನ್ನು ಪಡೆಯಲು ಅವಶ್ಯವಾದ ಆಕಾರ ಮತ್ತು ಸರಕಿಗೆ ಗಣನೀಯ ಮೌಲ್ಯವನ್ನು ನೀಡುವ ಆಕಾರ, ಈ ಮೂರರಲ್ಲಿ ಯಾವುದಾದರೊಂದು ಮಾತ್ರವೇ ಆಗಿರುವ ಗುರುತನ್ನು ನೋಂದಾಯಿಸುವಂತಿಲ್ಲ.

2000ದ ವಿನ್ಯಾಸಗಳ ಕಾಯ್ದೆಯು ಕಣ್ಣಿಗೆ ಕಾಣುವ ಆಕಾರ, ವಿನ್ಯಾಸ, ಅಲಂಕಾರಗಳಿಗೆ 10 ವರ್ಷಗಳ ರಕ್ಷಣೆಯನ್ನು ನೀಡುತ್ತದೆ. ಇದನ್ನು ಮತ್ತೆ 5 ವರ್ಷ ವಿಸ್ತರಿಸಬಹುದು. ರಚನೆಯ ವಿಧಾನ ಅಥವಾ ತತ್ವ ಮತ್ತು ಕೇವಲ ಯಾಂತ್ರಿಕ ಸಾಧನವಾಗಿರುವುದು ಈ ಕಾಯ್ದೆಯ ವ್ಯಾಖ್ಯೆಯಿಂದ ಹೊರಗಿವೆ. ಆದ್ದರಿಂದ ಎರಡು ಸ್ಪ್ರಿಂಗ್‌ಗಳ ಉಪಾಯದಂತಹದ್ದಕ್ಕೆ ಇಲ್ಲಿ ಪೇಟೆಂಟ್ ಕೇಳಬೇಕೇ ಹೊರತು ವಿನ್ಯಾಸದ ನೋಂದಣಿಯನ್ನಲ್ಲ.

ಪೇಟೆಂಟ್ ಕಚೇರಿಯ ಆದೇಶಗಳ ಮೇಲಿನ ಮೇಲ್ಮನವಿಗಳನ್ನು ಹಲವು ವರ್ಷ ಆಲಿಸಿದ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಲಾಯಿತು. ಆ ಅಧಿಕಾರವು ಉಚ್ಚ ನ್ಯಾಯಾಲಯಗಳಿಗೆ ವರ್ಗವಾಗಿದೆ. ಕರ್ನಾಟಕದ ಅರ್ಜಿದಾರರಿಗೆ ಸಂಬಂಧಿಸಿದ ಪೇಟೆಂಟ್ ಕಚೇರಿಯು ಚೆನ್ನೈಯಲ್ಲಿದೆ.

ಉದ್ಯಮಿಗಳು ಮತ್ತು ಆವಿಷ್ಕಾರಕರು ಗಮನಿಸಬೇಕಾದ ಅಂಶಗಳು

ಬೇರೊಬ್ಬರ ಉತ್ಪನ್ನವನ್ನು ಹೋಲುವ ವಸ್ತುವನ್ನು ತಯಾರಿಸಲು ಬಯಸುವವರು ಮೊದಲು ಅದರ ಪೇಟೆಂಟಿನ ಸ್ಥಿತಿಯನ್ನು ಪರಿಶೀಲಿಸಬೇಕು. ಭಾರತೀಯ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಈ ದಾಖಲೆಗಳನ್ನು ಉಚಿತವಾಗಿ ಶೋಧಿಸಬಹುದು. ನವೀಕರಣ ಶುಲ್ಕ ಪಾವತಿಯಾಗದೆ ನಿಂತುಹೋದ ಪೇಟೆಂಟನ್ನು ಪುನಃಸ್ಥಾಪಿಸಲು 18 ತಿಂಗಳೊಳಗೆ ಅರ್ಜಿ ಸಲ್ಲಿಸುವ ಅವಕಾಶ ಅದರ ಒಡೆಯರಿಗೆ ಇರುವುದರಿಂದ, ಇಂತಹ ಸಂದರ್ಭದಲ್ಲಿ ಆತುರಪಡಬಾರದು. ವಿನ್ಯಾಸದ ನೋಂದಣಿ ಇದೆಯೇ ಎಂಬುದನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಪೇಟೆಂಟ್ ಮುಗಿದಿದ್ದರೂ ಮೂಲ ತಯಾರಕರ ಹೆಸರನ್ನಾಗಲಿ, ಅದನ್ನು ಹೋಲುವ ಹೆಸರನ್ನಾಗಲಿ, ಅವರ ಲಾಂಛನ ಅಥವಾ ಅಲಂಕಾರವನ್ನಾಗಲಿ ಬಳಸಬಾರದು. ತಯಾರಕರು ಯಾರು ಎಂಬುದು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಯುವಂತೆ ತಮ್ಮದೇ ಹೆಸರನ್ನು ಮುದ್ರಿಸುವುದು ಕ್ಷೇಮಕರ.

ಆವಿಷ್ಕಾರಕರು ತಮ್ಮ ಹಕ್ಕುಗಳನ್ನು ಆರಂಭದಲ್ಲಿಯೇ ವಿಂಗಡಿಸಿಕೊಳ್ಳಬೇಕು. ಸಾಧನದ ಕಾರ್ಯವಿಧಾನಕ್ಕೆ ಪೇಟೆಂಟ್, ನೋಟಕ್ಕೆ ವಿನ್ಯಾಸದ ನೋಂದಣಿ, ಹೆಸರಿಗೆ ವ್ಯಾಪಾರ ಚಿಹ್ನೆ. ಪೇಟೆಂಟ್ ಅರ್ಜಿಯಲ್ಲಿ ಬರೆದ ಪ್ರತಿಯೊಂದು ಮಾತೂ ಮುಂದೆ ದಾಖಲೆಯಾಗಿ ಉಳಿಯುತ್ತದೆ. ಈ ಅಂಗವಿಲ್ಲದೆ ಸಾಧನವು ಕೆಲಸ ಮಾಡದು ಎಂದು ಬರೆದು ಪೇಟೆಂಟ್ ಪಡೆದವರು, ಇಪ್ಪತ್ತು ವರ್ಷಗಳ ನಂತರ ಅದು ಕೇವಲ ಗುರುತಿಗಾಗಿ ಇಟ್ಟ ಅಂಗ ಎಂದು ಹೇಳಲಾಗದು.

ಪೇಟೆಂಟ್ ಜಾರಿಯಲ್ಲಿರುವ ವರ್ಷಗಳಲ್ಲಿ ಗಳಿಸಿದ ವಿಶ್ವಾಸ, ಗುಣಮಟ್ಟ ಮತ್ತು ಒಳ್ಳೆಯ ಹೆಸರು ಅವಧಿ ಮುಗಿದ ನಂತರವೂ ತಯಾರಕರ ಬಳಿಯೇ ಉಳಿಯುತ್ತವೆ. ಸಾಧನದ ತಂತ್ರ ಮಾತ್ರ ಸಮಾಜಕ್ಕೆ ಸಲ್ಲುತ್ತದೆ. ಮುಂದಿನ ಆವಿಷ್ಕಾರಕನು ಅದರ ಮೇಲೆಯೇ ತನ್ನ ಕೆಲಸವನ್ನು ಕಟ್ಟುತ್ತಾನೆ.

ಸೂಚನೆ: ಈ ಲೇಖನವು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಇದನ್ನು ಕಾನೂನು ಸಲಹೆಯೆಂದು ಪರಿಗಣಿಸತಕ್ಕದ್ದಲ್ಲ. ನಿರ್ದಿಷ್ಟ ಪ್ರಕರಣಗಳಲ್ಲಿ ನೋಂದಾಯಿತ ಪೇಟೆಂಟ್ ಏಜೆಂಟರನ್ನು ಅಥವಾ ವಕೀಲರನ್ನು ಸಂಪರ್ಕಿಸುವುದು ಸೂಕ್ತ.